ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಸ್ವಾತಂತ್ರ್ಯ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸ್ವಾತಂತ್ರ್ಯದ ಕಥೆ ಶಾಲೆಯಲ್ಲೇ ನಮ್ಮ ಕಿವಿಗೆ ಬಿದ್ದಿರುತ್ತದೆ. ತೆರಿಗೆ, ಚಹಾ, ಬಾಸ್ಟನ್ ಬಂದರು, ಜುಲೈ 4. ಅದನ್ನೇ ಮತ್ತೆ ಹೇಳಿ ನಿಮ್ಮ ಸಂಜೆ ಹಾಳು ಮಾಡುವುದಿಲ್ಲ. ಒಂದು ಹಳೇ ಜಾಹೀರಾತಿನಿಂದ ಶುರು ಮಾಡುತ್ತೇನೆ.

1769ರ ಸೆಪ್ಟೆಂಬರ್. ವರ್ಜೀನಿಯಾ ಗೆಜೆಟ್ ಪತ್ರಿಕೆ. ಸ್ಯಾಂಡಿ ಎಂಬ ಗುಲಾಮ ಓಡಿಹೋಗಿದ್ದಾನೆ. ವಯಸ್ಸು ಸುಮಾರು 35. ಗಿಡ್ಡ, ಸ್ವಲ್ಪ ದಪ್ಪ, ಮೈಬಣ್ಣ ತಿಳಿ. ಜೋಡು ಹೊಲಿಯುವ ಕಸುಬು, ಎಡಗೈಯಲ್ಲೇ ಕೆಲಸ ಜಾಸ್ತಿ. ಒರಟು ಮರಗೆಲಸವೂ ಗೊತ್ತು, ಕುದುರೆ ಸವಾರಿಯಲ್ಲೂ ಪಳಗಿದವನು. ಕುಡಿತದ ಚಟ ಇದೆ, ಕುಡಿದರೆ ಬಾಯಿಗೆ ಲಗಾಮಿಲ್ಲ. ಹೋಗುವಾಗ ಮೈಯೆಲ್ಲ ಗಾಯದ ಕಲೆಯಿರುವ ಒಂದು ಬಿಳಿ ಕುದುರೆ ಹೊಡೆದುಕೊಂಡು ಹೋಗಿದ್ದಾನೆ. ಜೊತೆಗೆ ಜೋಡು ಹೊಲಿಯುವ ಹತ್ಯಾರಗಳನ್ನೂ. ಹಿಡಿದುಕೊಟ್ಟವರಿಗೆ ಬಹುಮಾನ: ಅದೇ ಕೌಂಟಿಯಲ್ಲಿ ಸಿಕ್ಕರೆ 40 ಶಿಲಿಂಗ್, ವರ್ಜೀನಿಯಾದ ಬೇರೆ ಕಡೆ ಸಿಕ್ಕರೆ 4 ಪೌಂಡ್, ಬೇರೆ ವಸಾಹತಿನಲ್ಲಾದರೆ 10 ಪೌಂಡ್.

ಕೆಳಗೆ ಕೊಟ್ಟವರ ಹೆಸರು: ಥಾಮಸ್ ಜೆಫರ್ಸನ್.

ಆಗ ಅವನಿಗೆ 26 ವರ್ಷ. ಇನ್ನು ಏಳು ವರ್ಷಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ‘ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು’ ಎಂದು ಬರೆಯಲಿದ್ದವನು ಇವನೇ. ಸ್ಯಾಂಡಿ ಸಿಕ್ಕಿಬಿದ್ದ. 1773ರಲ್ಲಿ ಜೆಫರ್ಸನ್ ಅವನನ್ನು ಮಾರಿಬಿಟ್ಟ.

ಇದನ್ನು ಕೇಳಿದ ಕೂಡಲೇ ‘ಎಂಥಾ ಆಷಾಢಭೂತಿಗಳಪ್ಪ!’ ಅಂತ ಬಾಯಿಗೆ ಬರುತ್ತದೆ ಅಲ್ವಾ? ಈ ಮಾತು ಆಗಲೇ ಬಂದಿತ್ತು. ಲಂಡನ್ನಿನಲ್ಲಿ ಕೂತಿದ್ದ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ 1775ರಲ್ಲೇ ಕೇಳಿದ್ದ: ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಎಲ್ಲರಿಗಿಂತ ಜೋರಾಗಿ ಅರಚುತ್ತಿರುವವರು ನೀಗ್ರೋಗಳನ್ನು ದುಡಿಸುವವರೇ, ಇದು ಹೇಗೆ? ಒಳ್ಳೆ ಪ್ರಶ್ನೆ. ಆದರೆ ಅಲ್ಲಿಗೇ ನಿಂತರೆ ಇಡೀ ಕಥೆ ಜೆಫರ್ಸನ್ ಮತ್ತು ವಾಷಿಂಗ್ಟನ್ ಒಳ್ಳೆಯವರೋ ಕೆಟ್ಟವರೋ ಎಂಬ ಪಂಚಾಯ್ತಿಯಾಗಿಬಿಡುತ್ತದೆ. ನನಗೆ ಕುತೂಹಲ ಸ್ಯಾಂಡಿಯ ಮೇಲೆ. ಅವನು ದಿಕ್ಕು ತೋಚದೆ ಓಡಿದವನಲ್ಲ. ಕಸುಬಿನ ಹತ್ಯಾರ ಕಟ್ಟಿಕೊಂಡು ಹೋದವನು. ಎಲ್ಲೋ ಒಂದು ಕಡೆ ಜೋಡು ಹೊಲಿದು, ಕೂಲಿ ತಗೊಂಡು, ತನ್ನ ಪಾಡಿಗೆ ಬದುಕುವ ಲೆಕ್ಕ ಅವನ ತಲೆಯಲ್ಲಿತ್ತು. ಅಂಥ ಲಕ್ಷಾಂತರ ಜನ ಆ ಕ್ರಾಂತಿಯ ಮಧ್ಯೆ ಇದ್ದರು. ದಣಿಗಳು ಆಡುತ್ತಿದ್ದ ಮಾತನ್ನು ಅವರು ಕೇಳಿಸಿಕೊಂಡರು. ದಣಿಗಳಿಗಿಂತ ಹೆಚ್ಚು ನಂಬಿದರು. ಆ ನಂಬಿಕೆಯೇ ಸ್ವಾತಂತ್ರ್ಯದ ದಾರಿಯನ್ನು ಒಂದೆರಡು ಕಡೆ ತಿರುಗಿಸಿತು. ಇವತ್ತು ಹೇಳಬೇಕೆಂದಿರುವುದು ಇಷ್ಟೇ.

ಹಿನ್ನೆಲೆ ಬೇಗ ಮುಗಿಸುತ್ತೇನೆ. 1619ರ ಆಗಸ್ಟಿನಲ್ಲಿ ‘ವೈಟ್ ಲಯನ್’ ಎಂಬ ಇಂಗ್ಲಿಷ್ ಹಡಗು ವರ್ಜೀನಿಯಾದ ಪಾಯಿಂಟ್ ಕಂಫರ್ಟಿಗೆ ಇಪ್ಪತ್ತಕ್ಕೆ ಒಂದೆರಡು ಹೆಚ್ಚು ಆಫ್ರಿಕನ್ನರನ್ನು ತಂದಿಳಿಸಿತು. ಅವರನ್ನು ಪೋರ್ಚುಗೀಸರ ಗುಲಾಮ ಹಡಗಿನಿಂದ ದೋಚಿ ತಂದದ್ದು. ಮೊದಮೊದಲು ಗುಲಾಮಗಿರಿಯ ಕಾನೂನು ಗಟ್ಟಿಯಾಗಿರಲಿಲ್ಲ. ಗಟ್ಟಿ ಮಾಡಿದ್ದು 1662ರ ಒಂದು ಕಾಯ್ದೆ. ಇಂಗ್ಲೆಂಡಿನಲ್ಲಿ ಮಗುವಿಗೆ ತಂದೆಯ ಅಂತಸ್ತು. ವರ್ಜೀನಿಯಾ ಅದನ್ನು ಉಲ್ಟಾ ಮಾಡಿತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಇರಲಿ. ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗುಲಾಮ ಹೆಣ್ಣಿನ ಮೇಲೆ ಕೈಹಾಕಿದ ದಣಿಗೆ ಶಿಕ್ಷೆಯಿಲ್ಲ, ಮೇಲಾಗಿ ಆಸ್ತಿ ಬೆಳೆಯುತ್ತದೆ.

1775ರ ಹೊತ್ತಿಗೆ 13 ವಸಾಹತುಗಳಲ್ಲಿ ಸುಮಾರು 25 ಲಕ್ಷ ಜನ. ಅವರಲ್ಲಿ ಸುಮಾರು 5 ಲಕ್ಷ ಕಪ್ಪು ಜನ, ಬಹುಪಾಲು ಗುಲಾಮರು. ಐವರಲ್ಲಿ ಒಬ್ಬರು! ವರ್ಜೀನಿಯಾದಲ್ಲಿ ತಂಬಾಕು, ದಕ್ಷಿಣ ಕ್ಯಾರೊಲಿನಾದಲ್ಲಿ ಭತ್ತ ಮತ್ತು ನೀಲಿ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತ ಬೆಳೆದವರು ಆಫ್ರಿಕನ್ನರು. ಅವರಲ್ಲಿ ಎಷ್ಟೋ ಜನ ಪಶ್ಚಿಮ ಆಫ್ರಿಕಾದ ಭತ್ತದ ಸೀಮೆಯಿಂದಲೇ ಬಂದವರು. ಕ್ಯಾರೊಲಿನಾದಲ್ಲಿ ಬಿಳಿಯರಿಗಿಂತ ಕಪ್ಪು ಜನರೇ ಜಾಸ್ತಿ ಇದ್ದರು. ಅಲ್ಲಿನ ದಣಿಗಳು ರಾತ್ರಿ ಬಾಗಿಲು ಭದ್ರ ಮಾಡಿಕೊಂಡು ಮಲಗುತ್ತಿದ್ದದ್ದು ಸುಮ್ನೆ ಅಲ್ಲ. 1739ರಲ್ಲಿ ಸ್ಟೋನೋ ನದಿಯ ಹತ್ತಿರ ಗುಲಾಮರು ಬಂದೂಕು ಹಿಡಿದು, ಡೋಲು ಬಾರಿಸುತ್ತಾ ಸ್ಪೇನ್ ಆಳುತ್ತಿದ್ದ ಫ್ಲಾರಿಡಾ ಕಡೆ ಹೊರಟಿದ್ದನ್ನು ಅವರು ಮರೆತಿರಲಿಲ್ಲ. ಉತ್ತರದವರೇನು ಸಾಚಾಗಳಲ್ಲ. ಬಾಸ್ಟನ್, ನ್ಯೂಯಾರ್ಕ್ ಮನೆಗಳಲ್ಲಿ ಗುಲಾಮರಿದ್ದರು. ರೋಡ್ ಐಲೆಂಡಿನ ನ್ಯೂಪೋರ್ಟಿನಿಂದ ರಮ್ ತುಂಬಿಕೊಂಡ ಹಡಗುಗಳು ಆಫ್ರಿಕಾಕ್ಕೆ ಹೋಗಿ ಮನುಷ್ಯರನ್ನು ತುಂಬಿಕೊಳ್ಳುತ್ತಿದ್ದವು.

ಈಗ ತೆರಿಗೆ ಜಗಳಕ್ಕೆ ಬರೋಣ. 1765ರಲ್ಲಿ ಬ್ರಿಟಿಷ್ ಸಂಸತ್ತು ಸ್ಟಾಂಪ್ ಕಾಯ್ದೆ ತಂದಿತು. ಕಾಗದಪತ್ರಗಳಿಗೆಲ್ಲ ತೆರಿಗೆ. ವಸಾಹತುಗಳು ರೊಚ್ಚಿಗೆದ್ದವು. ಭಾಷಣ, ಮೆರವಣಿಗೆ, ಕರಪತ್ರ. ಎಲ್ಲದರಲ್ಲೂ ಒಂದೇ ದೂರು: ‘ನಮ್ಮನ್ನು ಗುಲಾಮರನ್ನಾಗಿ ಮಾಡುತ್ತಿದ್ದಾರೆ.’ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನಲ್ಲೂ ಬಿಳಿಯರು ‘ಲಿಬರ್ಟಿ’ ಎಂದು ಕೂಗುತ್ತಾ ಬೀದಿಯಲ್ಲಿ ಓಡಾಡಿದರು. 1766ರ ಜನವರಿಯಲ್ಲಿ ಅದೇ ಊರಿನ ಕೆಲವು ಗುಲಾಮರೂ ಬೀದಿಗಿಳಿದು ‘ಲಿಬರ್ಟಿ’ ಎಂದು ಕೂಗಿದರು. ಊರಿಗೆ ಊರೇ ನಡುಗಿಹೋಯಿತು. ಬಿಳಿಯರು ಆಯುಧ ಹಿಡಿದು ಕಾವಲು ನಿಂತರು. ಅದೇ ಘೋಷಣೆ, ಅದೇ ಬೀದಿ, ಬಾಯಿ ಮಾತ್ರ ಬೇರೆ.

ಆಮೇಲೆ 1772ರಲ್ಲಿ ಲಂಡನ್ನಿನಲ್ಲಿ ಒಂದು ತೀರ್ಪು ಬಂತು. ಜೇಮ್ಸ್ ಸಾಮರ್ಸೆಟ್ ಎಂಬ ಗುಲಾಮನನ್ನು ದಣಿ ಅಮೆರಿಕದಿಂದ ಇಂಗ್ಲೆಂಡಿಗೆ ಕರೆತಂದಿದ್ದ. ಅವನು ತಪ್ಪಿಸಿಕೊಂಡ, ಸಿಕ್ಕಿಬಿದ್ದ. ಜಮೈಕಾಕ್ಕೆ ಸಾಗಿಸಿ ಮಾರಲು ಹಡಗಿನಲ್ಲಿ ಕೂಡಿಹಾಕಿದರು. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಅವನನ್ನು ಬಲವಂತವಾಗಿ ಇಂಗ್ಲೆಂಡಿನಿಂದ ಸಾಗಿಸುವಂತಿಲ್ಲ ಎಂದು ಬಿಡುಗಡೆ ಮಾಡಿದ. ತೀರ್ಪಿನ ವ್ಯಾಪ್ತಿ ನಿಜವಾಗಿ ಸಣ್ಣದು. ಆದರೆ ಸುದ್ದಿ ಅಟ್ಲಾಂಟಿಕ್ ದಾಟುವಾಗ ದೊಡ್ಡದಾಯಿತು: ಇಂಗ್ಲೆಂಡಿನ ನೆಲ ಮುಟ್ಟಿದರೆ ಬಿಡುಗಡೆ! 1774ರಲ್ಲಿ ವರ್ಜೀನಿಯಾದ ಇನ್ನೊಂದು ಜಾಹೀರಾತು ನೋಡಿ. ಬಾಕಸ್ ಎಂಬ ಗುಲಾಮ ಓಡಿಹೋಗಿದ್ದಾನೆ. ಜಾನ್ ಕ್ರಿಶ್ಚಿಯನ್ ಎಂದು ಹೆಸರು ಬದಲಿಸಿಕೊಂಡು ಬ್ರಿಟನ್ನಿಗೆ ಹೋಗುವ ಹಡಗು ಹತ್ತಲು ನೋಡಬಹುದು, ಯಾಕೆಂದರೆ ಸಾಮರ್ಸೆಟ್ ಮೊಕದ್ದಮೆ ಅವನಿಗೆ ಗೊತ್ತು ಎಂದು ಅದರಲ್ಲೇ ಬರೆದಿದೆ. ವರ್ಜೀನಿಯಾದ ಒಳನಾಡಿನಲ್ಲಿದ್ದ ಗುಲಾಮನಿಗೆ ಲಂಡನ್ನಿನ ಕೋರ್ಟ್ ತೀರ್ಪು ಗೊತ್ತು. ಪತ್ರಿಕೆ ಓದುವವರು ದಣಿಗಳು, ಸುದ್ದಿ ಒಯ್ಯುವವರು ಊಟ ಬಡಿಸುವವರು, ಗಾಡಿ ಹೊಡೆಯುವವರು, ದೋಣಿ ನಡೆಸುವವರು.

ಬಾಸ್ಟನ್ನಿನಲ್ಲಿ ಗುಲಾಮರು ಅರ್ಜಿ ಬರೆಯಲು ಶುರು ಮಾಡಿದರು. 1773ರ ಏಪ್ರಿಲಿನ ಒಂದು ಅರ್ಜಿಗೆ ನಾಲ್ವರ ಸಹಿ ಇದೆ. ಫೀಲಿಕ್ಸ್ ಹಾಲ್‌ಬ್ರೂಕ್ ಅವರಲ್ಲೊಬ್ಬ. ಅದರ ಒಕ್ಕಣೆ ನನಗೆ ತುಂಬಾ ಇಷ್ಟ. ಬಯ್ಗುಳವಿಲ್ಲ, ಗೋಳಿಲ್ಲ. ‘ತಮ್ಮನ್ನು ಗುಲಾಮರನ್ನಾಗಿ ಮಾಡಹೊರಟ ಸಹಮಾನವರ ಎದುರು ಇಷ್ಟು ಘನವಾಗಿ ನಿಂತ ಮಹನೀಯರಿಂದ ನಾವು ದೊಡ್ಡದನ್ನೇ ನಿರೀಕ್ಷಿಸುತ್ತೇವೆ’ ಎಂಬ ಅರ್ಥದ ಮಾತು. ಇದಕ್ಕಿಂತ ವಿನಯವಾಗಿ ಕೆನ್ನೆಗೆ ಬಾರಿಸಲು ಸಾಧ್ಯವೇ? ಮಸಾಚುಸೆಟ್ಸ್ ಶಾಸನಸಭೆ ಅರ್ಜಿಯನ್ನು ಪಕ್ಕಕ್ಕಿಟ್ಟಿತು.

ಅದೇ ವರ್ಷ ಅದೇ ಊರಿನ ಫಿಲಿಸ್ ವೀಟ್ಲಿಯ ಕವನ ಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. 1761ರಲ್ಲಿ ಏಳೆಂಟು ವರ್ಷದ ಮಗುವಾಗಿ ಬಂದಿಳಿದಳು. ಅವಳನ್ನು ತಂದ ಹಡಗಿನ ಹೆಸರು ಫಿಲಿಸ್, ಕೊಂಡವರ ಮನೆತನ ವೀಟ್ಲಿ. ಎರಡೂ ಸೇರಿ ಅವಳ ಹೆಸರಾಯಿತು. 1774ರಲ್ಲಿ ಅವಳು ಬರೆದ ಒಂದು ಪತ್ರದಲ್ಲಿ, ದೇವರು ಪ್ರತಿ ಮನುಷ್ಯನ ಎದೆಯಲ್ಲೂ ಸ್ವಾತಂತ್ರ್ಯದ ಪ್ರೀತಿಯನ್ನು ನೆಟ್ಟಿದ್ದಾನೆ ಎನ್ನುತ್ತಾಳೆ. ಕಿವಿ ಇದ್ದ ಬಿಳಿಯರೂ ಇದ್ದರೆನ್ನಿ. ಅದೇ ವರ್ಷ ಅಬಿಗೇಲ್ ಆಡಮ್ಸ್ ತನ್ನ ಗಂಡ ಜಾನ್‌ಗೆ ಬರೆದಳು: ನಮ್ಮಷ್ಟೇ ಹಕ್ಕಿರುವವರಿಂದ ದಿನಾ ದೋಚುತ್ತಿರುವ ಸ್ವಾತಂತ್ರ್ಯಕ್ಕಾಗಿಯೇ ನಾವು ಹೋರಾಡುವುದು ನನಗೆ ಯಾವತ್ತೂ ಅನ್ಯಾಯವೆಂದೇ ಕಂಡಿದೆ. ವರ್ಜೀನಿಯಾದ ಪ್ಯಾಟ್ರಿಕ್ ಹೆನ್ರಿಯದು ಇನ್ನೊಂದು ಬಗೆ. ‘ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ’ ಎಂಬ ಮಾತಿಗೆ ಹೆಸರಾದವನು. ಗುಲಾಮರನ್ನು ಇಟ್ಟುಕೊಂಡಿರುವುದನ್ನು ಸಮರ್ಥಿಸಲಾರೆ, ಆದರೆ ಅವರಿಲ್ಲದೆ ಬದುಕುವುದು ಅನನುಕೂಲ ಎಂದು 1773ರಲ್ಲಿ ಬರೆದ. ಪ್ರಾಮಾಣಿಕ ಅಂತ ಮೆಚ್ಚಬೇಕೋ, ಬಯ್ಯಬೇಕೋ ನೀವೇ ಹೇಳಿ.

ಯುದ್ಧ 1775ರ ಏಪ್ರಿಲ್ 19ರಂದು ಮಸಾಚುಸೆಟ್ಸಿನ ಲೆಕ್ಸಿಂಗ್ಟನ್ನಿನಲ್ಲಿ ಶುರುವಾಯಿತು. ಅಲ್ಲಿ ಗಾಯಗೊಂಡವರಲ್ಲಿ ಪ್ರಿನ್ಸ್ ಎಸ್ಟಬ್ರೂಕ್ ಎಂಬ ಗುಲಾಮನೂ ಇದ್ದ. ಆದರೆ ಕಥೆ ನಿಜವಾಗಿ ಬಿಸಿಯೇರುವುದು ವರ್ಜೀನಿಯಾದಲ್ಲಿ. ಅಲ್ಲಿನ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್. ಊರವರು ತಿರುಗಿಬಿದ್ದಾಗ ಅವನು ರಾಜಧಾನಿ ಬಿಟ್ಟು ಹಡಗು ಸೇರಿದ್ದ. ಕೈಯಲ್ಲಿ ಸೈನಿಕರು ಕಡಿಮೆ. ನವೆಂಬರಿನಲ್ಲಿ ಹಡಗಿನಿಂದಲೇ ಒಂದು ಘೋಷಣೆ ಹೊರಡಿಸಿದ: ದಂಗೆಕೋರರಿಗೆ ಸೇರಿದ ಗುಲಾಮರು ರಾಜನ ಸೇನೆ ಸೇರಿ ಆಯುಧ ಹಿಡಿದರೆ ಅವರು ಸ್ವತಂತ್ರರು.

ಡನ್‌ಮೋರ್ ಮಹಾತ್ಮನೇನಲ್ಲ. ಅವನೂ ಗುಲಾಮರನ್ನು ಇಟ್ಟುಕೊಂಡವನೇ. ರಾಜನಿಗೆ ನಿಷ್ಠರಾದವರ ಗುಲಾಮರಿಗೆ ಈ ಬಿಡುಗಡೆ ಇರಲಿಲ್ಲ. ಆದರೂ ನೂರಾರು ಜನ ಬಂದರು. ತೆಪ್ಪದಲ್ಲಿ, ಕದ್ದ ದೋಣಿಯಲ್ಲಿ, ಕಾಡುದಾರಿ ನಡೆದು. ಹೆಂಗಸರು ಮಕ್ಕಳೂ ಬಂದರು. ಅವರ ಪಡೆಗೆ ‘ಇಥಿಯೋಪಿಯನ್ ರೆಜಿಮೆಂಟ್’ ಎಂದು ಹೆಸರಿಟ್ಟರು. ಅಂಗಿಯ ಮೇಲೆ ‘ಗುಲಾಮರಿಗೆ ಸ್ವಾತಂತ್ರ್ಯ’ ಎಂದು ಬರೆದಿತ್ತೆಂದು ಆಗಿನ ಪತ್ರಿಕೆಗಳು ಹೇಳುತ್ತವೆ.

ಇತ್ತ ಜಾರ್ಜ್ ವಾಷಿಂಗ್ಟನ್ ಬಾಸ್ಟನ್ ಹತ್ತಿರ ಸೇನೆ ನಡೆಸುತ್ತಿದ್ದ. ಮೌಂಟ್ ವರ್ನನ್‌ನಲ್ಲಿದ್ದ ಅವನ ಜಮೀನನ್ನು ಸಂಬಂಧಿಕ ಲಂಡ್ ವಾಷಿಂಗ್ಟನ್ ನೋಡಿಕೊಳ್ಳುತ್ತಿದ್ದ. ಆ ಡಿಸೆಂಬರಿನಲ್ಲಿ ಲಂಡ್ ಬರೆದ ಪತ್ರದಲ್ಲಿ ಒಂದು ಸಾಲಿದೆ. ತಪ್ಪಿಸಿಕೊಳ್ಳಬಹುದು ಎಂದು ನಂಬಿಕೆ ಬಂದರೆ ನಮ್ಮಲ್ಲಿರುವವರಲ್ಲಿ ಒಬ್ಬನೂ ನಿಲ್ಲುವುದಿಲ್ಲ, ಸ್ವಾತಂತ್ರ್ಯ ಸಿಹಿಯಾದದ್ದು. ಹೀಗೆ ಬರೆದದ್ದು ಒಬ್ಬ ಮೇಸ್ತ್ರಿ, ತನ್ನ ದಣಿಗೆ! ಗುಲಾಮರು ನೆಮ್ಮದಿಯಾಗಿದ್ದರು ಎಂಬ ಕಥೆ ಆಮೇಲೆ ಬಹಳ ದಿನ ಓಡಿತು. ಹತ್ತಿರದಿಂದ ನೋಡಿದವನಿಗೆ ಅಂಥ ಭ್ರಮೆ ಇರಲಿಲ್ಲ. ವಾಷಿಂಗ್ಟನ್ನಿಗೂ ದಿಗಿಲು ಹತ್ತಿತು. ಈ ಡನ್‌ಮೋರ್‌ನನ್ನು ವಸಂತದೊಳಗೆ ಅಡಗಿಸದಿದ್ದರೆ ಉರುಳುವ ಹಿಮದ ಉಂಡೆಯ ಹಾಗೆ ಇವನ ಬಲ ಬೆಳೆಯುತ್ತದೆ ಎಂದು ಬರೆದ. ದಕ್ಷಿಣ ಕ್ಯಾರೊಲಿನಾದ ಎಡ್ವರ್ಡ್ ರಟ್ಲೆಜ್ ಇನ್ನೂ ಸ್ಪಷ್ಟವಾಗಿ ಹೇಳಿದ: ಬ್ರಿಟನ್ನಿಗೂ ನಮಗೂ ಶಾಶ್ವತವಾಗಿ ಸಂಬಂಧ ಕಡಿಯಲು ಈ ಘೋಷಣೆಗಿಂತ ಪರಿಣಾಮಕಾರಿ ಉಪಾಯ ಇನ್ನೊಂದಿಲ್ಲ.

ಇಲ್ಲಿ ಒಂದು ಜಗಳದ ಪ್ರಶ್ನೆ ಏಳುತ್ತದೆ. ಗುಲಾಮಗಿರಿ ಉಳಿಸಿಕೊಳ್ಳುವುದಕ್ಕೇ ಅಮೆರಿಕ ಸ್ವತಂತ್ರವಾಯಿತೇ? ಇದರ ಬಗ್ಗೆ ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ದೊಡ್ಡ ವಾದವೇ ನಡೆದಿದೆ. ಹಾಗೆ ಸಾರಾಸಗಟಾಗಿ ಹೇಳುವುದು ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಬಾಸ್ಟನ್ನಿನವರು ಜಗಳ ತೆಗೆದದ್ದು ತೆರಿಗೆಗೆ, ಸೈನ್ಯಕ್ಕೆ, ಸ್ವಂತ ಶಾಸನಸಭೆಯ ಅಧಿಕಾರಕ್ಕೆ. ಡನ್‌ಮೋರ್ ಘೋಷಣೆಗೆ ಏಳು ತಿಂಗಳ ಮೊದಲೇ ಗುಂಡು ಹಾರಿತ್ತು. ಆದರೆ ದಕ್ಷಿಣದಲ್ಲಿ ಬ್ರಿಟನ್ ಜೊತೆ ರಾಜಿಯಾದೀತು ಎಂದು ಹೊಸ್ತಿಲ ಮೇಲೆ ನಿಂತಿದ್ದ ದಣಿಗಳು ಎಷ್ಟೋ ಮಂದಿ. ನಮ್ಮ ಗುಲಾಮರ ಕೈಗೆ ಬಂದೂಕು ಕೊಟ್ಟ ರಾಜ ನಮಗೆ ಬೇಡ ಎಂದು ಅವರಲ್ಲಿ ಬಹಳ ಜನ ಆಚೆ ದಾಟಿದರು. ಡನ್‌ಮೋರ್‌ಗೆ ಆ ಯೋಚನೆ ಬಂದದ್ದಾದರೂ ಹೇಗೆ? ಅದಕ್ಕೂ ಮೊದಲೇ ಗುಲಾಮರೇ ಅವನ ಬಾಗಿಲಿಗೆ ಹೋಗಿ ‘ನಾವು ನಿಮ್ಮ ಪರ ಹೋರಾಡುತ್ತೇವೆ’ ಎಂದಿದ್ದರು. ಆಗ ಅವನು ವಾಪಸ್ ಕಳಿಸಿದ್ದ. ಮೊದಲ ಹೆಜ್ಜೆ ಅವರದು.

ಆ ರೆಜಿಮೆಂಟಿನ ಗತಿ ಕೆಟ್ಟದಾಯಿತು. ಗುಂಡಿಗಿಂತ ಸಿಡುಬು ಹೆಚ್ಚು ಜನರನ್ನು ಕೊಂದಿತು. ಗ್ವಿನ್ಸ್ ದ್ವೀಪದಲ್ಲಿ ಹೂಳುವವರಿಲ್ಲದೆ ಹೆಣಗಳು ಬಿದ್ದಿದ್ದವು. 1776ರ ಆಗಸ್ಟಿನಲ್ಲಿ ಡನ್‌ಮೋರ್ ಉಳಿದವರನ್ನು ಹತ್ತಿಸಿಕೊಂಡು ವರ್ಜೀನಿಯಾ ಬಿಟ್ಟ.

ಅದೇ ಬೇಸಿಗೆ ಫಿಲಡೆಲ್ಫಿಯಾದಲ್ಲಿ ಜೆಫರ್ಸನ್ ಬಾಡಿಗೆ ಕೋಣೆಯಲ್ಲಿ ಕೂತು ಸ್ವಾತಂತ್ರ್ಯ ಘೋಷಣೆ ಬರೆಯುತ್ತಿದ್ದ. ಅವನ ಚಾಕರಿಗೆ 14 ವರ್ಷದ ಒಬ್ಬ ಹುಡುಗ ಬಂದಿದ್ದ, ರಾಬರ್ಟ್ ಹೆಮಿಂಗ್ಸ್. ರಾಬರ್ಟ್‌ನ ತಂದೆ ಜಾನ್ ವೇಲ್ಸ್, ಅಂದರೆ ಜೆಫರ್ಸನ್ನನ ಮಾವ. ಹೆಂಡತಿಯ ಸ್ವಂತ ತಂದೆಗೆ ಹುಟ್ಟಿದವನು, ಲೆಕ್ಕಕ್ಕೆ ಭಾವಮೈದುನ. ಆದರೆ ತಾಯಿ ಗುಲಾಮಳು. 1662ರ ಕಾಯ್ದೆ ನೆನಪಿದೆಯಲ್ಲ? ಜೆಫರ್ಸನ್ ಮನುಷ್ಯರೆಲ್ಲ ಸಮಾನರು ಎಂದು ಬರೆಯುತ್ತಿದ್ದಾಗ ಅವನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದದ್ದು ಅವನ ಹೆಂಡತಿಯ ತಮ್ಮ, ಅವನದೇ ಆಸ್ತಿ.

ಜೆಫರ್ಸನ್ನನ ಕರಡಿನಲ್ಲಿ ಗುಲಾಮರ ವ್ಯಾಪಾರದ ಮೇಲೆ ಒಂದು ಉದ್ದನೆ ಪ್ಯಾರಾ ಇತ್ತು. ತಪ್ಪೆಲ್ಲ ರಾಜ ಮೂರನೇ ಜಾರ್ಜನ ತಲೆಗೆ ಕಟ್ಟಿದ್ದ. ಏನೂ ತಪ್ಪು ಮಾಡದ ದೂರದ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ಮಾಡಿದ್ದು ರಾಜ, ಈಗ ಅವರನ್ನೇ ನಮ್ಮ ಮೇಲೆ ಎತ್ತಿಕಟ್ಟುತ್ತಿರುವವನೂ ರಾಜ! ಕೊಂಡವರು ಯಾರು ಎಂಬುದು ಮಾತ್ರ ಅದರಲ್ಲಿಲ್ಲ. ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಆ ಪ್ಯಾರಾವನ್ನು ಹೊಡೆದುಹಾಕಿತು. ದಕ್ಷಿಣ ಕ್ಯಾರೊಲಿನಾ ಮತ್ತು ಜಾರ್ಜಿಯಾಕ್ಕೆ ಅದು ರುಚಿಸಲಿಲ್ಲ, ಹಡಗಿನ ವ್ಯಾಪಾರ ಮಾಡುತ್ತಿದ್ದ ಉತ್ತರದವರಿಗೂ ಸ್ವಲ್ಪ ಚುಚ್ಚಿತು ಎಂದು ಜೆಫರ್ಸನ್ ಆಮೇಲೆ ಬರೆದಿದ್ದಾನೆ. ಆದರೆ ‘ರಾಜ ನಮ್ಮ ನಡುವೆ ಒಳದಂಗೆ ಎಬ್ಬಿಸಿದ್ದಾನೆ’ ಎಂಬ ದೂರು ಘೋಷಣೆಯಲ್ಲಿ ಉಳಿದುಕೊಂಡಿತು. ಗುಲಾಮರನ್ನು ಕೊಳ್ಳುವುದು ದೂರುಪಟ್ಟಿಯಿಂದ ಹೋಯಿತು. ಅವರು ತಿರುಗಿಬಿದ್ದದ್ದು ಪಟ್ಟಿಯಲ್ಲಿ ನಿಂತಿತು.

ಯುದ್ಧ ಎಂಟು ವರ್ಷ ನಡೆಯಿತು. ಕಪ್ಪು ಜನ ಎರಡೂ ಕಡೆ ಇದ್ದರು. ಅಮೆರಿಕದ ಪರ ಸುಮಾರು 5,000 ಜನ ಹೋರಾಡಿದರೆಂಬ ಅಂದಾಜಿದೆ. ರೋಡ್ ಐಲೆಂಡ್ 1778ರಲ್ಲಿ ಗುಲಾಮರನ್ನೇ ಸೇರಿಸಿಕೊಂಡು ಪಡೆ ಕಟ್ಟಿತು, ಸೇರಿದವರಿಗೆ ಬಿಡುಗಡೆ. ವರ್ಜೀನಿಯಾ 1780ರಲ್ಲಿ ಮಾಡಿದ್ದು ಬೇರೆ. ಸೇನೆಗೆ ಸೇರುವ ಬಿಳಿಯನಿಗೆ 300 ಎಕರೆ ಜಮೀನು, ಜೊತೆಗೆ ಒಬ್ಬ ಆರೋಗ್ಯವಂತ ಗುಲಾಮ ಅಥವಾ 60 ಪೌಂಡ್! ಸ್ವಾತಂತ್ರ್ಯಕ್ಕೆ ಹೋರಾಡಿದವನಿಗೆ ಸಂಬಳವಾಗಿ ಒಬ್ಬ ಮನುಷ್ಯ. ಬ್ರಿಟಿಷರ ಕಡೆಗೆ ಓಡಿಹೋದವರಂತೂ ಸಾವಿರ ಸಾವಿರ. 1779ರಲ್ಲಿ ಬ್ರಿಟಿಷ್ ಸೇನಾಪತಿ ಹೆನ್ರಿ ಕ್ಲಿಂಟನ್, ಆಯುಧ ಹಿಡಿಯಲಿ ಬಿಡಲಿ, ದಂಗೆಕೋರರನ್ನು ಬಿಟ್ಟು ಬಂದ ಗುಲಾಮರಿಗೆಲ್ಲ ರಕ್ಷಣೆ ಎಂದು ಸಾರಿದ್ದ.

ಆ ರಕ್ಷಣೆ ಎಷ್ಟರಮಟ್ಟಿಗೆ ಎಂಬುದು 1781ರ ಯಾರ್ಕ್‌ಟೌನ್‌ನಲ್ಲಿ ಗೊತ್ತಾಯಿತು. ಬ್ರಿಟಿಷ್ ಸೇನೆ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿತ್ತು. ಆಹಾರ ಮುಗಿಯುತ್ತಾ ಬಂದಾಗ, ನಂಬಿ ಬಂದು ಕಂದಕ ತೋಡಿದ್ದ ಕಪ್ಪು ಜನರನ್ನೇ ಕೋಟೆಯಿಂದ ಹೊರಗೆ ಅಟ್ಟಿದರು. ಎಷ್ಟೋ ಜನಕ್ಕೆ ಸಿಡುಬು ಬಂದಿತ್ತು. ಎರಡು ಸೇನೆಗಳ ನಡುವಿನ ಕಾಡಿನಲ್ಲಿ ಹೆಣಗಳ ರಾಶಿ ಬಿತ್ತು. ಬದುಕಿ ಉಳಿದವರನ್ನು ದಣಿಗಳು ಬಂದು ಹಿಡಿದುಕೊಂಡು ಹೋದರು. ಆ ಬ್ರಿಟಿಷ್ ಸೇನಾಪತಿ ನಮಗೆ ಪರಿಚಯದವನೇ, ಕಾರ್ನ್‌ವಾಲಿಸ್. ಹತ್ತು ವರ್ಷದ ಮೇಲೆ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮೈಸೂರಿನವರಿಗೆ ಖುಷಿಯಾದೀತು. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈದರ್ ಆಲಿ’. ಬ್ರಿಟಿಷರ ಜೊತೆ ಆಗ ಕಾದಾಡುತ್ತಿದ್ದ ನಮ್ಮ ಹೈದರನ ಹೆಸರು ಅಲ್ಲಿಯವರೆಗೂ ಹೋಗಿತ್ತು.

ಈಗ ಮಸಾಚುಸೆಟ್ಸಿನ ಶೆಫೀಲ್ಡ್ ಎಂಬ ಸಣ್ಣ ಊರಿಗೆ ಹೋಗೋಣ. ಇಡೀ ಕಥೆಯಲ್ಲಿ ನನಗೆ ತುಂಬಾ ಹತ್ತಿರವಾದ ಜಾಗ ಇದು. ಕರ್ನಲ್ ಜಾನ್ ಆಶ್ಲಿ ಅಲ್ಲಿನ ದೊಡ್ಡ ಕುಳ. 1773ರಲ್ಲಿ ಅವನ ಮನೆಯಲ್ಲಿ ಊರ ಪ್ರಮುಖರು ಸೇರಿ ಬ್ರಿಟಿಷರ ವಿರುದ್ಧ ಒಂದು ಠರಾವು ಬರೆದರು. ಅದರ ಮೊದಲ ಮಾತೇ, ಸಹಜ ಸ್ಥಿತಿಯಲ್ಲಿ ಮನುಷ್ಯರು ಸಮಾನರು, ಸ್ವತಂತ್ರರು, ಒಬ್ಬರಿಗೊಬ್ಬರು ಅಧೀನರಲ್ಲ. ಆ ಮನೆಯಲ್ಲಿ ಚಾಕರಿ ಮಾಡುತ್ತಿದ್ದ ಗುಲಾಮ ಹೆಂಗಸು ಬೆಟ್. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಕಿವಿ ಚೆನ್ನಾಗಿತ್ತು.

ಮನೆಯ ಒಡತಿ ಮಹಾ ಸಿಡುಕಿ. ಒಮ್ಮೆ ಒಲೆಯಲ್ಲಿ ಕಾದ ಸಲಿಕೆ ಎತ್ತಿ ಇನ್ನೊಬ್ಬ ಗುಲಾಮ ಹುಡುಗಿಗೆ ಹೊಡೆಯಲು ಹೋದಳು. ಬೆಟ್ ಅಡ್ಡ ಬಂದು ಏಟನ್ನು ತನ್ನ ತೋಳಿಗೆ ತೆಗೆದುಕೊಂಡಳು. ಚಳಿಗಾಲ ಪೂರ್ತಿ ತೋಳು ನೋಯುತ್ತಿತ್ತು. ಅವಳು ಗಾಯವನ್ನು ಮುಚ್ಚಲಿಲ್ಲ. ಮನೆಗೆ ಬಂದವರು ಒಡತಿಯ ಎದುರಿಗೇ ‘ಏನೇ ಬೆಟ್ಟಿ, ತೋಳಿಗೇನಾಯ್ತು?’ ಎಂದು ಕೇಳಿದರೆ ಒಂದೇ ಉತ್ತರ: ‘ಅಮ್ಮಾವ್ರನ್ನೇ ಕೇಳಿ.’

1780ರಲ್ಲಿ ಮಸಾಚುಸೆಟ್ಸ್ ತನ್ನ ಸಂವಿಧಾನ ಮಾಡಿಕೊಂಡಿತು. ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು ಅದರಲ್ಲಿತ್ತು. ಬೆಟ್ ನೇರ ಥಿಯೊಡೋರ್ ಸೆಡ್ಜ್‌ವಿಕ್ ಎಂಬ ವಕೀಲನ ಹತ್ತಿರ ಹೋದಳು. ಆಶ್ಲಿ ಮನೆಯಲ್ಲಿ ಠರಾವು ಬರೆಯಲು ಕೂತವರಲ್ಲಿ ಅವನೂ ಒಬ್ಬ. ನಾನೂ ಮನುಷ್ಯಳೇ ತಾನೇ, ಈ ಕಾನೂನು ನನಗೂ ಸೇರುತ್ತದಲ್ಲ ಎಂಬುದು ಅವಳ ವಾದ. ವಕೀಲ ಒಪ್ಪಿಕೊಂಡ. ಅದೇ ಮನೆಯ ಬ್ರಾಮ್ ಎಂಬವನನ್ನೂ ಸೇರಿಸಿಕೊಂಡು ದಾವೆ ಹೂಡಿದರು. 1781ರ ಆಗಸ್ಟಿನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಕೋರ್ಟಿನಲ್ಲಿ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ಮೇಲೆ 30 ಶಿಲಿಂಗ್ ಪರಿಹಾರ. ಸಂಬಳ ಕೊಡುತ್ತೇನೆ, ವಾಪಸ್ ಬಾ ಎಂದು ಆಶ್ಲಿ ಕರೆದ. ಅವಳು ಹೋಗಲಿಲ್ಲ. ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡು ಸೆಡ್ಜ್‌ವಿಕ್ ಮನೆಯಲ್ಲಿ ಸಂಬಳಕ್ಕೆ ದುಡಿದಳು, ಮುಂದೆ ಸ್ವಂತ ಮನೆ ಮಾಡಿಕೊಂಡಳು, 1829ರಲ್ಲಿ ತೀರಿಕೊಂಡಳು. 1783ರಲ್ಲಿ ಕ್ವಾಕ್ ವಾಕರ್ ಎಂಬವನ ಮೊಕದ್ದಮೆಯೂ ಗೆದ್ದಿತು. ಅಲ್ಲಿಗೆ ಆ ರಾಜ್ಯದಲ್ಲಿ ಗುಲಾಮಗಿರಿಯ ಕಾಲು ಮುರಿಯಿತು. ಪೆನ್ಸಿಲ್ವೇನಿಯಾದ 1780ರ ಕಾಯ್ದೆ ಬಹಳ ಜುಗ್ಗತನದ್ದು. ಇದ್ದ ಗುಲಾಮರಿಗೆ ಬಿಡುಗಡೆ ಇಲ್ಲ. ಇನ್ನು ಮುಂದೆ ಹುಟ್ಟುವ ಮಕ್ಕಳು 28 ವರ್ಷ ದುಡಿದ ಮೇಲೆ ಸ್ವತಂತ್ರರು.

ಈ ಕಡೆ ಪ್ಯಾರಿಸ್ಸಿನಲ್ಲಿ ಶಾಂತಿ ಮಾತುಕತೆ. ಇದು ಸಣ್ಣ ಘಟನೆ, ಆದರೆ ಬಿಡಲು ಮನಸ್ಸಾಗುವುದಿಲ್ಲ. ಬ್ರಿಟಿಷರ ಪರ ಬಂದವನು ರಿಚರ್ಡ್ ಆಸ್ವಾಲ್ಡ್. ಸಿಯೆರಾ ಲಿಯೋನ್ ನದಿಯ ಬನ್ಸ್ ದ್ವೀಪದಲ್ಲಿದ್ದ ಗುಲಾಮರ ಕೋಟೆಯ ಪಾಲುದಾರ. ಅಮೆರಿಕದ ಪರ ಕೊನೆಗಳಿಗೆಯಲ್ಲಿ ಬಂದು ಸೇರಿದವನು ದಕ್ಷಿಣ ಕ್ಯಾರೊಲಿನಾದ ಹೆನ್ರಿ ಲಾರೆನ್ಸ್. ಆ ಕೋಟೆಯಿಂದ ಬಂದ ಜನರನ್ನು ಚಾರ್ಲ್ಸ್‌ಟನ್ನಿನಲ್ಲಿ ಮಾರುತ್ತಿದ್ದವನು. ಇಬ್ಬರೂ ಹಳೇ ವ್ಯಾಪಾರದ ಗೆಳೆಯರು. ಯುದ್ಧದಲ್ಲಿ ಲಾರೆನ್ಸ್ ಸೆರೆಸಿಕ್ಕು ಲಂಡನ್ ಟವರ್‌ನಲ್ಲಿದ್ದಾಗ ಅವನಿಗೆ ಜಾಮೀನು ನಿಂತದ್ದೂ ಆಸ್ವಾಲ್ಡೇ. 1782ರ ನವೆಂಬರ್ 30ರಂದು ಸಹಿ ಹಾಕುವ ಹೊತ್ತಿಗೆ ಲಾರೆನ್ಸ್ ಒಂದು ಸಾಲು ಸೇರಿಸಲು ಹೇಳಿದ: ಬ್ರಿಟಿಷರು ಹೋಗುವಾಗ ‘ನೀಗ್ರೋಗಳನ್ನಾಗಲಿ ಬೇರೆ ಆಸ್ತಿಯನ್ನಾಗಲಿ’ ಒಯ್ಯುವಂತಿಲ್ಲ. ಆಸ್ವಾಲ್ಡ್ ತಕರಾರು ಮಾಡದೆ ಒಪ್ಪಿದ.

ಈ ಸುದ್ದಿ ನ್ಯೂಯಾರ್ಕ್ ಮುಟ್ಟಿದಾಗ ಅಲ್ಲಿದ್ದ ಸಾವಿರಾರು ಕಪ್ಪು ಜನರ ಜೀವ ಹಾರಿಹೋಯಿತು. ಅವರಲ್ಲೊಬ್ಬ ಬಡಗಿ ಬಾಸ್ಟನ್ ಕಿಂಗ್. ಹಳೇ ದಣಿಗಳು ಬಂದು ಬೀದಿಯಲ್ಲೇ ಗುಲಾಮರನ್ನು ಹಿಡಿಯುತ್ತಿದ್ದರು, ಹಾಸಿಗೆಯಿಂದ ಎಳೆದೊಯ್ಯುತ್ತಿದ್ದರು, ಕೆಲವು ದಿನ ನಮಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ ಎಂದು ಅವನು ಆಮೇಲೆ ಬರೆದಿದ್ದಾನೆ. ವಾಷಿಂಗ್ಟನ್ ಕೂಡ ನ್ಯೂಯಾರ್ಕಿನಲ್ಲಿದ್ದ ಒಬ್ಬನಿಗೆ ಪತ್ರ ಬರೆದು, ನನ್ನ ಕೆಲವು ಗುಲಾಮರೂ ಅಲ್ಲಿರಬಹುದು, ಸಿಕ್ಕರೆ ಹಿಡಿದಿಡಿ ಎಂದು ಕೇಳಿಕೊಂಡ. 1783ರ ಮೇ 6ರಂದು ಟಪಾನ್ ಎಂಬಲ್ಲಿ ಅವನು ಬ್ರಿಟಿಷ್ ಸೇನಾಪತಿ ಗೈ ಕಾರ್ಲ್‌ಟನ್ನನನ್ನು ಕಂಡು ಇದೇ ವಿಷಯ ಎತ್ತಿದ. ಕಾರ್ಲ್‌ಟನ್ ಬಗ್ಗಲಿಲ್ಲ. ನಮ್ಮ ಘೋಷಣೆ ನಂಬಿ ಬಂದವರು ಒಪ್ಪಂದಕ್ಕೆ ಮೊದಲೇ ಸ್ವತಂತ್ರರಾದರು, ಅವರು ಯಾರ ಆಸ್ತಿಯೂ ಅಲ್ಲ, ಮಾತು ಕೊಟ್ಟು ತಪ್ಪುವುದು ಸಾಮ್ರಾಜ್ಯದ ಮರ್ಯಾದೆಗೆ ಕಡಿಮೆ ಎಂದ. ಬೇಕಾದರೆ ಹೆಸರು ಬರೆದಿಡುತ್ತೇವೆ, ಪರಿಹಾರದ ಮಾತು ಆಮೇಲೆ.

ಹಾಗೆ ಬರೆದ ದಫ್ತರದಲ್ಲಿ ಸುಮಾರು 3,000 ಹೆಸರುಗಳಿವೆ. ಹೆಸರು, ವಯಸ್ಸು, ಮೈಕಟ್ಟು, ಹಳೇ ದಣಿ ಯಾರು, ಬಿಟ್ಟು ಬಂದು ಎಷ್ಟು ವರ್ಷವಾಯಿತು. ದಣಿಗಳ ತಕರಾರು ಇದ್ದರೆ ಪ್ರತಿ ಬುಧವಾರ ಫ್ರಾನ್ಸಿಸ್ ಟ್ಯಾವರ್ನ್ ಎಂಬ ಹೋಟೆಲಿನಲ್ಲಿ ವಿಚಾರಣೆ. ಅದರಲ್ಲಿ ಸಿಗುವ ಒಂದು ದಾಖಲೆ: ಹ್ಯಾರಿ ವಾಷಿಂಗ್ಟನ್, 43 ವರ್ಷ, ಒಳ್ಳೆ ಆಳು, ಹಿಂದೆ ಜನರಲ್ ವಾಷಿಂಗ್ಟನ್ನನ ಆಸ್ತಿ, ಬಿಟ್ಟು ಬಂದು 7 ವರ್ಷ.

ಹ್ಯಾರಿ ಆಫ್ರಿಕಾದಲ್ಲಿ ಹುಟ್ಟಿದವನು. 1763ರಲ್ಲಿ ವಾಷಿಂಗ್ಟನ್ ಕೊಂಡ. ಮೌಂಟ್ ವರ್ನನ್‌ನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. 1776ರಲ್ಲಿ ಓಡಿಹೋಗಿ ಡನ್‌ಮೋರ್ ಪಡೆ ಸೇರಿದ. 1783ರ ಜುಲೈನಲ್ಲಿ ನ್ಯೂಯಾರ್ಕಿನಿಂದ ಹಡಗು ಹತ್ತಿ ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೋದ. ಅಲ್ಲಿ ಕಲ್ಲುನೆಲ, ಕೊರೆಯುವ ಚಳಿ, ಕೊಟ್ಟ ಮಾತಿನ ಜಮೀನು ಎಷ್ಟೋ ಜನಕ್ಕೆ ಸಿಗಲೇ ಇಲ್ಲ. ಇತ್ತ ಅಮೆರಿಕ 1787ರಲ್ಲಿ ತನ್ನ ಸಂವಿಧಾನ ಬರೆಯಿತು. ಪ್ರತಿನಿಧಿಗಳ ಲೆಕ್ಕಕ್ಕೆ ಐದು ಗುಲಾಮರನ್ನು ಮೂರು ಜನ ಎಂದು ಎಣಿಸಿತು, ಗುಲಾಮರ ಆಮದನ್ನು 1808ರವರೆಗೆ ಕಾಂಗ್ರೆಸ್ ನಿಲ್ಲಿಸುವಂತಿಲ್ಲ ಎಂದಿತು, ಓಡಿಹೋದವರನ್ನು ವಾಪಸ್ ಒಪ್ಪಿಸಬೇಕೆಂದಿತು.

1792ರಲ್ಲಿ ನೋವಾ ಸ್ಕೋಷಿಯಾದಿಂದ 15 ಹಡಗುಗಳಲ್ಲಿ ಸುಮಾರು 1,200 ಕಪ್ಪು ಜನ ಅಟ್ಲಾಂಟಿಕ್ ದಾಟಿ ಸಿಯೆರಾ ಲಿಯೋನ್‌ನ ಫ್ರೀಟೌನ್‌ಗೆ ಹೋದರು. ಬಾಸ್ಟನ್ ಕಿಂಗ್ ಹೋದ, ಹ್ಯಾರಿ ವಾಷಿಂಗ್ಟನ್ನೂ ಹೋದ. ಜಮೀನಿಗೆ ಕಂದಾಯ ಇರುವುದಿಲ್ಲ ಎಂಬ ಮಾತು ನಂಬಿ ಹೊರಟವರು ಅವರು. ಆ ನೆಲ ಆಳುತ್ತಿದ್ದದ್ದು ಲಂಡನ್ನಿನ ಒಂದು ಕಂಪನಿ, ಗುಲಾಮರ ವ್ಯಾಪಾರ ವಿರೋಧಿಸುವ ಸಜ್ಜನರದೇ. ಆದರೂ ಕಂಪನಿ ಜಮೀನಿಗೆ ಕಂದಾಯ ಹಾಕಿತು. ನಮ್ಮನ್ನು ಕೇಳದೆ ಹಾಕಿದ ಕಂದಾಯ ಕೊಡುವುದಿಲ್ಲ ಎಂದರು ಜನ. ಕಂಪನಿ ಪಟ್ಟು ಬಿಡಲಿಲ್ಲ. 1800ರ ಸೆಪ್ಟೆಂಬರಿನಲ್ಲಿ ತಮ್ಮ ಕಾನೂನು ತಾವೇ ಮಾಡಿಕೊಳ್ಳುತ್ತೇವೆ ಎಂದು ಒಂದು ಗುಂಪು ಎದ್ದಿತು. ಸುಮಾರು 60 ವರ್ಷದ ಹ್ಯಾರಿ ಅದರಲ್ಲಿದ್ದ. ಜಾರ್ಜ್ ವಾಷಿಂಗ್ಟನ್ ಸತ್ತು ಆಗ ಒಂಬತ್ತು ತಿಂಗಳಾಗಿತ್ತು. ತನ್ನ ಹೆಸರಿನಲ್ಲಿದ್ದ ಗುಲಾಮರಿಗೆ ಹೆಂಡತಿಯ ಕಾಲಾನಂತರ ಬಿಡುಗಡೆ ಎಂದು ಉಯಿಲು ಬರೆದಿಟ್ಟಿದ್ದ. ಕಂಪನಿ ಸೈನಿಕರ ಸಹಾಯದಿಂದ ದಂಗೆ ಅಡಗಿಸಿತು. ಇಬ್ಬರನ್ನು ಗಲ್ಲಿಗೇರಿಸಿದರು. ತೆರಿಗೆ ಕೊಡಲು ಒಪ್ಪದ ಹ್ಯಾರಿ ವಾಷಿಂಗ್ಟನ್ನನನ್ನು ನದಿಯಾಚೆಯ ಬುಲಮ್ ತೀರಕ್ಕೆ ಗಡಿಪಾರು ಮಾಡಿದರು. ಅಲ್ಲಿ ಸೇರಿದ ಗಡಿಪಾರಿನವರು ಅವನನ್ನು ತಮ್ಮ ಮುಖಂಡರಲ್ಲೊಬ್ಬನನ್ನಾಗಿ ಮಾಡಿಕೊಂಡರು.